ಮೊದಲು ಶಾಖ, ಆಮೇಲೆ ಅಂಕಿ

ಬಿಸಿನೀರಿನ ತೊಟ್ಟಿಯಿಂದ ಇಕ್ಕಳದಲ್ಲಿ ಎತ್ತಿ ಹಿಡಿದ ಏಳನೆಯ ಶಾಖದ ಚೀಲದಿಂದ ನೀರು ತೊಟ್ಟಿಕ್ಕುತ್ತಿದೆ. ಅದನ್ನು ದಪ್ಪ ಟವೆಲ್ಲಿನಲ್ಲಿ ಎರಡು ಸುತ್ತು ಸುತ್ತಿ, ತನ್ನ ಮುಂಗೈಗೆ ಒತ್ತಿ ನೋಡಿ, ಇನ್ನೊಂದು ಸುತ್ತು ಸುತ್ತುತ್ತಾಳೆ ಆಕೆ. ಹೊರಗೆ ಇನ್ನೂ ಬೆಳಕು ಹರಿದಿಲ್ಲ. ಮೂಳೆ ಮುರಿದವರು, ಮಂಡಿ ಬದಲಾಯಿಸಿಕೊಂಡವರು ಆಸ್ಪತ್ರೆಯ ಈ ಉದ್ದನೆಯ ಕೋಣೆಯಲ್ಲಿ ಮತ್ತೆ ನಡೆಯಲು ಕಲಿಯುತ್ತಾರೆ. ನಡೆಸುವ ಮುಂಚೆ ನೋಯುವ ಜಾಗಕ್ಕೆ ಶಾಖ ಕೊಡುವುದು ಆಕೆಯ ಕೆಲಸ. ಎಲ್ಲರಿಗೂ ಆಕೆ ಶಾಖದಕ್ಕ.

"ಅಕ್ಕಾ, ನಿನ್ನೆ ನನಗೆ ಕೊಟ್ಟಿದ್ದು ಯಾರದೋ ಎಂಜಲು ಚೀಲ. ತಣ್ಣಗಿತ್ತು," ಎಂದು ರೇಗಿಸುತ್ತಾನೆ ಸೊಂಟ ಮುರಿದುಕೊಂಡ ಬಸ್ ಡ್ರೈವರ್.

"ಬಾಯಿ ಮೇಲೊಂದು ಇಡ್ತೀನಿ ಇರು, ಬಿಸಿ ಗೊತ್ತಾಗುತ್ತೆ. ಈಗ ಹೇಳು, ಎಷ್ಟು?"

"ಎಂಟು."

ಸೊನ್ನೆಯೆಂದರೆ ನೋವೇ ಇಲ್ಲ, ಹತ್ತೆಂದರೆ ತಡೆಯಲಾಗದ್ದು. ಹಾಳೆಯಲ್ಲಿ ಎಂಟು ಎಂದು ಬರೆದ ಮೇಲೆಯೇ ಆಕೆ ಚೀಲ ಇಡುತ್ತಾಳೆ.

ಇಪ್ಪತ್ತೆರಡು ವರ್ಷಗಳಿಂದ ಇದೇ ತೊಟ್ಟಿ, ಇದೇ ಇಕ್ಕಳ. ದಿನಕ್ಕೆ ಮೂವತ್ತು ಮಂದಿ, ನಲವತ್ತು ಚೀಲ. ಮುಂಗೈ ಮೇಲೆ ಒಂದು ಕೂದಲೂ ಉಳಿದಿಲ್ಲ. ತಾಯಿಗೆ ಲಕ್ವಾ ಹೊಡೆದಾಗ ನೋಡಿಕೊಳ್ಳಲು ಬಂದವಳು. ತಾಯಿ ಗುಣವಾಗಿ ಮನೆಗೆ ಹೋದರು, ಈಕೆ ಇಲ್ಲೇ ಉಳಿದಳು. ಅಕ್ಷರ ಕಲಿತದ್ದು ನನ್ನ ಹಾಗೆಯೇ, ತಲೆ ನರೆಯತೊಡಗಿದ ಮೇಲೆ, ರಾತ್ರಿಶಾಲೆಯಲ್ಲಿ.

ಮೂರು ವರ್ಷದ ಹಿಂದೆ ಇಲ್ಲಿನ ಡಾಕ್ಟರಮ್ಮ ನೋವಿನ ಬಗ್ಗೆ ಒಂದು ಸಂಶೋಧನೆ ನಡೆಸಿದರು. ಶಾಖಕ್ಕೆ ಮುಂಚೆ ಒಂದು ಅಂಕಿ, ಶಾಖದ ನಂತರ ಒಂದು ಅಂಕಿ. ಕೇಳಿ ಬರೆದುಕೊಂಡವಳು ಶಾಖದಕ್ಕ. ಲೇಖನ ದೊಡ್ಡ ವೈದ್ಯಪತ್ರಿಕೆಯಲ್ಲಿ ಬಂತು. ಕೊನೆಯಲ್ಲಿ ಆಕೆಗೆ ಒಂದು ಸಾಲಿನ ಕೃತಜ್ಞತೆ. ಆ ಒಂದು ಸಾಲನ್ನು ಒಂದು ಪುಟ ಮಾಡಬೇಕೆಂದೇ, ಪೇಪರಿಗೆ ಬರೆಯುವ ನಾನು ಇಲ್ಲಿಗೆ ಬಂದದ್ದು.

"ಬೇಡಮ್ಮಾ," ಎಂದು ಆಕೆ ತಲೆ ತಗ್ಗಿಸುತ್ತಾಳೆ. "ಆ ಸಾಲು ನೋಡಿದ್ರೆ ಭೂಮಿ ಬಾಯಿಬಿಡಬಾರದಾ ಅನ್ಸುತ್ತೆ."

ಎರಡು ಟವೆಲ್ ಮಡಚಿಟ್ಟ ಮೇಲೆ ಆಕೆಯೇ ಹೇಳತೊಡಗುತ್ತಾಳೆ.

"ಆ ಸಲ ಚಳಿ ಜಾಸ್ತಿ. ಜನ ಹಲ್ಲು ಕಚ್ಕೊಂಡು ಮಲಗಿರೋರು. ಅವರ ಮುಂದೆ ಹಾಳೆ ಹಿಡ್ಕೊಂಡು ಎಷ್ಟು, ಎಷ್ಟು ಅಂತ ಕೇಳೋಕೆ ನನ್ನ ಕೈಲಾಗ್ಲಿಲ್ಲ. ಮೊದಲು ಚೀಲ ಇಟ್ಟೆ. ಸ್ವಲ್ಪ ಹೊತ್ತು ಬಿಟ್ಟು ಕೇಳಿ, ಅದನ್ನೇ 'ಶಾಖಕ್ಕೆ ಮುಂಚೆ' ಅಂತ ಬರೆದೆ. ಅಷ್ಟರಲ್ಲಿ ಎಂಟಿದ್ದದ್ದು ನಾಲ್ಕಾಗಿರೋದು. ಕೊನೇಲಿ ಕೇಳಿದ್ರೆ ಮೂರು."

ನಾಲ್ಕು ಮೂರಾಯಿತು, ಅಷ್ಟೇ. ಶಾಖದಿಂದ ಹೇಳಿಕೊಳ್ಳುವಂಥ ಉಪಯೋಗವಿಲ್ಲ ಎಂದು ಲೇಖನದಲ್ಲಿ ಅಚ್ಚಾಯಿತು.

ಆ ಚಳಿಗಾಲದಲ್ಲಿ, ಮಂಡಿ ಬದಲಾಯಿಸಿಕೊಂಡು, ಕಿಟಕಿ ಪಕ್ಕದ ಮಂಚದಲ್ಲಿ ಮಲಗಿದ್ದವಳು ನಾನು. "ಮೊದಲು ಬಿಸಿ ಇಡು ತಾಯಿ, ಲೆಕ್ಕ ಆಮೇಲೆ," ಎಂದು ಗೋಗರೆದದ್ದು ಚೆನ್ನಾಗಿ ನೆನಪಿದೆ. ಯಾವ ಕರುಣೆಯನ್ನು ಹೊಗಳಿ ಬರೆಯಲು ಬಂದಿದ್ದೆನೋ ತಪ್ಪೂ ಅದೇ. ಅದರಲ್ಲಿ ನನಗೂ ಪಾಲಿದೆ.

ಹದಿನಾಲ್ಕು ತಿಂಗಳ ಹಿಂದೆ, ಇನ್ನೊಂದು ಆಸ್ಪತ್ರೆಯಲ್ಲಿ ಇದೇ ಕೆಲಸ ಮಾಡುತ್ತಿದ್ದ ಆಕೆಯ ತಂಗಿ ಊಟಕ್ಕೆ ಬಂದಿದ್ದಳಂತೆ. "ನಿಮ್ಮ ಡಾಕ್ಟ್ರಮ್ಮನ ಪುಣ್ಯ ಕಣೇ ಅಕ್ಕ, ಆ ಲೇಖನ ನೋಡಿ ನಮ್ಮಲ್ಲಿ ಶಾಖದ ತೊಟ್ಟೀನೇ ಎತ್ತಿಟ್ರು. ಪೇಷಂಟ್‌ಗಳು ಕಿರುಚ್ತಾರೆ, ಅದು ಬಿಟ್ರೆ ನಮಗೆ ಆರಾಮ," ಎಂದು ನಕ್ಕಳಂತೆ. ಶಾಖದಕ್ಕ ಅರ್ಧ ಊಟದಲ್ಲೇ ಎದ್ದಳು.

ಆ ವಾರವೇ ನಡೆದದ್ದನ್ನೆಲ್ಲ ತಿಳಿಸಿ ಡಾಕ್ಟರಮ್ಮನಿಗೆ ಪತ್ರ ಬರೆದಳು. ಅವರು ಆಗಲೇ ಬೇರೆ ಊರಿಗೆ ಹೋಗಿಯಾಗಿತ್ತು. ಅಂದಿನಿಂದ ಆ ಪತ್ರ ಅಂಚೆಗೆ ಹಾಕದೆ ಕಪಾಟಿನಲ್ಲಿ, ಟವೆಲ್ಲುಗಳ ಅಡಿಯಲ್ಲಿ ಇದೆ. ಹೊಸ ಊರಿನ ವಿಳಾಸ ಇದೆ, ಸ್ಟಾಂಪೂ ಇದೆ.

"ಕೆಲಸ ಹೋಗುತ್ತೆ ಅಂತ ಭಯವಾ?"

"ಹೋದ್ರೆ ಹೋಗ್ಲಿ. ಹೊರಡೋ ದಿನ ಅವರು ನನ್ನ ಕೈ ಹಿಡ್ಕೊಂಡು, 'ನನ್ನ ಕಣ್ಣಿಗಿಂತ ನಿನ್ನ ಹಾಳೆ ಮೇಲೆ ನಂಬಿಕೆ' ಅಂದಿದ್ರು. ಅಂಥೋರಿಗೆ ಯಾವ ಮುಖ ಇಟ್ಕೊಂಡು ಕಳಿಸ್ಲಿ?" ಆಕೆ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾಳೆ. "ನೀವು ಬರೆಯೋದಾದ್ರೆ ಇದನ್ನೂ ಬರೀರಿ. ಬರೀ ಹೊಗಳಬೇಡಿ. ಆದ್ರೆ ಪೇಪರ್‌ನಲ್ಲಿ ಬರೋಕೆ ಮುಂಚೆ ಅವರಿಗೆ ನನ್ನಿಂದಲೇ ಗೊತ್ತಾಗ್ಬೇಕು."

ಆಕೆ ತಂದುಕೊಟ್ಟ ಲಕೋಟೆ ಬಿಚ್ಚಿ, ಆಕೆಯ ಅಕ್ಷರದ ಕೆಳಗೆ ನಾನೂ ಎರಡು ಸಾಲು ಸೇರಿಸುತ್ತೇನೆ: ಕಿಟಕಿ ಪಕ್ಕದ ಮಂಚದವಳು ನಾನು. ಶಾಖಕ್ಕೆ ಮುಂಚೆ ನಾಲ್ಕು ಎಂದು ಬರೆದಿರುವ ಕಡೆ ನನ್ನ ನೋವು ಒಂಬತ್ತಿತ್ತು.

ಬೆಳಗಿನ ಸರದಿ ಮುಗಿದ ಮೇಲೆ ಇಬ್ಬರೂ ಗೇಟಿನ ಪಕ್ಕದ ಅಂಚೆಡಬ್ಬಿಯ ಹತ್ತಿರ ಬರುತ್ತೇವೆ. ಲಕೋಟೆಯನ್ನು ಅರ್ಧ ಒಳಗೆ ತೂರಿಸಿ ಆಕೆ ನಿಂತುಬಿಡುತ್ತಾಳೆ.

"ಎಷ್ಟು?" ಎಂದು ಕೇಳುತ್ತೇನೆ.

"ಹತ್ತು, ಅಮ್ಮಾ. ಇದು ಹಾಕೋಕೆ ಮುಂಚಿನದು. ಸರಿಯಾಗಿ ಬರ್ಕೊಳ್ಳಿ," ಎನ್ನುತ್ತಾಳೆ. ಆಮೇಲೆ ಲಕೋಟೆಯನ್ನು ಒಳಗೆ ಬಿಡುತ್ತಾಳೆ.