ಮಿಸ್ ಚಾಲನರ್ ಮನೆಗೆ ಹೆಸರು ಕೇಳಲು ಹೋದದ್ದು

ಅಡಿವೆಪ್ಪ ಕಂಬಳಿಯವರು ಕುಳಿತು ಒಂದು ಲೋಟ ಕಾಫಿ ಪೂರ್ತಿ ಕುಡಿದದ್ದನ್ನು ನಾನು ಒಂದು ದಿನವೂ ನೋಡಲಿಲ್ಲ. ಅರ್ಧ ಲೋಟ ಆಗುವಷ್ಟರಲ್ಲಿ ಎದ್ದು ಕಿಟಕಿಗೆ ಹೋಗುತ್ತಿದ್ದರು, ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಾರಿಗೆ. 1967ರಲ್ಲಿ ಅಮೆರಿಕಕ್ಕೆ ಬಂದವರು ಏಳು ವರ್ಷದಲ್ಲಿ ಐದು ಮನೆ ಬದಲಿಸಿದ್ದರು: ಜರ್ಸಿ ಸಿಟಿ, ಎಲಿಜಬೆತ್, ಸಮರ್‌ಸೆಟ್, ಕ್ಲಿಫ್ಟನ್, ಆಮೇಲೆ ನಮ್ಮ ಪಾರ್ಸಿಪನಿ. ಅವರ ಹೆಂಡತಿ ವೀರಬಸಮ್ಮ ಪಾತ್ರೆಯ ಡಬ್ಬಗಳಲ್ಲಿ ಎರಡನ್ನು ಬಿಚ್ಚುತ್ತಲೇ ಇರಲಿಲ್ಲ. "ಬಿಚ್ಚಿ ಏನ್ ಮಾಡೂದೈತ್ರಿ ಪದ್ಮಕ್ಕಾ, ಮತ್ತ ಕಟ್ಟಾಕ ಹಗ್ಗ ಹುಡುಕಬೇಕು" ಎನ್ನುತ್ತಿದ್ದಳು.

ನಾನು ಮೈಸೂರಿನವಳು. ನಮ್ಮ ಕಡೆ ಮನೆತನದ ಹೆಸರು ಅಂತ ಒಂದಿರುವುದಿಲ್ಲ. ಅಪ್ಪನ ಹೆಸರಿನ ಮೊದಲಕ್ಷರ, ಊರಿನ ಮೊದಲಕ್ಷರ, ಅಷ್ಟಕ್ಕೇ ಜೀವನ ಸಾಗುತ್ತದೆ. ಇಲ್ಲಿಗೆ ಬಂದ ಮೇಲೆ ನನ್ನ ಗಂಡ ಗುರುರಾಜರ ಹೆಸರೇ ನನಗೂ ಮಕ್ಕಳಿಗೂ ಕೊನೆಯ ಹೆಸರಾಗಿ ಅಂಟಿಕೊಂಡಿತು. ಬೇಡ ಎನ್ನಲಿಕ್ಕೆ ಯಾರಿಗೆ ಪುರಸತ್ತಿತ್ತು? ಆದರೆ ಅಡಿವೆಪ್ಪನವರು ರಾಣೇಬೆನ್ನೂರಿನವರು. ಅವರ ಅಜ್ಜ ಮೆಡ್ಲೇರಿಯಿಂದ ಕಂಬಳಿ ತಂದು ಸಂತೆಯಲ್ಲಿ ಮಾರುತ್ತಿದ್ದರಂತೆ, ಅದಕ್ಕೇ ಮನೆತನಕ್ಕೆ ಕಂಬಳಿ ಎಂಬ ಹೆಸರು. ಹೇಳಿಕೊಳ್ಳಲು ಹೆಸರಿದ್ದ ಮನುಷ್ಯ ಅದನ್ನು ಕಳಚಿ ಎಸೆಯಲು ಹೊರಟಿದ್ದು ನನಗೆ ಮೊದಲ ದಿನದಿಂದಲೂ ಸಿಟ್ಟು ತರಿಸಿತ್ತು.

1974ರ ಜನವರಿಯಲ್ಲಿ ಅವರ ಕೆಲಸ ಹೋಯಿತು. ಪೆಟ್ರೋಲಿಗೆ ಮೈಲುದ್ದ ಕ್ಯೂ ನಿಲ್ಲುತ್ತಿದ್ದ ದಿನಗಳು, ಆಫೀಸುಗಳಲ್ಲಿ ಜನರನ್ನು ಲೇ ಆಫ್ ಮಾಡುತ್ತಿದ್ದರು. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಮುಗಿಸಿದವರು, ಇಲ್ಲಿ ಏಳು ವರ್ಷ ಬೇರೆಯವರ ಸೇತುವೆಗಳ ನಕ್ಷೆ ಎಳೆದವರು, ಮೂರು ತಿಂಗಳಲ್ಲಿ ಅರವತ್ತು ಅರ್ಜಿ ಹಾಕಿದರು. ಒಂದಕ್ಕೂ ಉತ್ತರ ಬರಲಿಲ್ಲ.

"ಹೆಸರು ನೋಡಿದ ಕೂಡ್ಲೆ ಕಸದ ಬುಟ್ಟಿಗೆ ಒಗೀತಾರ್ರಿ" ಎಂದರು ಒಂದು ದಿನ, ನಮ್ಮ ಮನೆಯ ಅಡುಗೆಕೋಣೆಯಲ್ಲಿ ಅತ್ತಿಂದಿತ್ತ ತಿರುಗುತ್ತಾ. "ಅಡಿವೆಪ್ಪ ಕಂಬಳಿ! ಇದೇನು ಮನಿಷಾನ ಹೆಸರೋ, ರೋಗದ ಹೆಸರೋ ಅಂತಾರ. ಈ ಸಲ ಸಿಟಿಜನ್ ಆಗಾಕ ಅರ್ಜಿ ಹಾಕ್ತೀನಲ್ಲ, ಅದರಾಗ ಹೆಸರು ಚೇಂಜ್ ಮಾಡಾಕ ಒಂದು ಜಾಗಾ ಐತಿ. ನಂದು, ಹೆಂಡ್ತೀದು, ಮಗಳದು, ಮೂರೂ ಮಂದೀದು ಮಾಡಿ ಬಿಡ್ತೀನಿ."

"ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕ್ತಾರಲ್ಲ, ಹಾಗಾಯ್ತು ನಿಮ್ಮದು" ಎಂದೆ. "ಕೆಲಸ ಇಡೀ ದೇಶಕ್ಕೇ ಇಲ್ಲ. ನಮ್ಮ ಬೀದಿಯ ಸ್ಮಿತ್‌ಗೂ ಹೋಗಿದೆ."

"ಸ್ಮಿತ್ ಬ್ಯಾಡ್ರಿ. ನನ್ನ ಮಾರಿ ಇಟಗೊಂಡು ಸ್ಮಿತ್ ಅಂದ್ರ ಸುಳ್ಳು ಅಂತ ಕೂಸಿಗೂ ತಿಳಿತೈತಿ. ಯಾರೂ ಕೇಳಿರಬಾರದು, ಆದ್ರ ಇಂಗ್ಲಿಷ್ ಇರಬೇಕು. ಅಂಥಾದ್ದಕ್ಕ ಯಾರೂ ಅನುಮಾನ ಪಡಂಗಿಲ್ಲ."

ಹೇಗಿದೆ ತರ್ಕ! ಮರುದಿನ ಬೆಳಗ್ಗೆಯೇ ನಾನು ಅರ್ಧ ದಿನ ಕೆಲಸ ಮಾಡುತ್ತಿದ್ದ ಕೌಂಟಿ ಲೈಬ್ರರಿಗೆ ಬಂದರು. ಅಲ್ಲಿ ನ್ಯೂಯಾರ್ಕ್, ನ್ಯೂ ಜರ್ಸಿಯ ಟೆಲಿಫೋನ್ ಡೈರೆಕ್ಟರಿಗಳೆಲ್ಲ ಸಾಲಾಗಿ ಇದ್ದವು. ನಿಂತೇ ಓದಿದರು. ಒಂದು ಹೆಸರು ಹಿಡಿಯುವುದು, ಆ ಹೆಸರಿನವರು ಎಷ್ಟು ಜನ ಎಂದು ಪುಸ್ತಕದಿಂದ ಪುಸ್ತಕಕ್ಕೆ ಹುಡುಕುವುದು, ಜಾಸ್ತಿಯಾದರೆ ಹೊಡೆದು ಹಾಕುವುದು. ಬ್ರೂಕ್ಲಿನ್, ಕ್ವೀನ್ಸ್, ನೆವಾರ್ಕ್, ಟ್ರೆಂಟನ್, ಯಾವ ಪುಸ್ತಕವನ್ನೂ ಬಿಡಲಿಲ್ಲ. ಹನ್ನೆರಡು ದಿನ ಹೀಗೇ ನಡೆಯಿತು. ಇವರು ಸಾಲ ವಸೂಲಿಯವರೇನೋ ಎಂದು ನಮ್ಮ ಹಿರಿಯ ಲೈಬ್ರರಿಯನ್ ನನ್ನನ್ನು ಗುಟ್ಟಾಗಿ ಕೇಳಿದಳು.

ಹದಿಮೂರನೇ ದಿನ ಒಂದು ಚೀಟಿ ತಂದು ನನ್ನ ಮೇಜಿನ ಮೇಲಿಟ್ಟರು. ಚಾಲನರ್ ಎಂದು ಬರೆದಿತ್ತು. ಎಲ್ಲ ಪುಸ್ತಕಗಳಲ್ಲೂ ಸೇರಿ ಒಂಬತ್ತೇ ಮನೆ. ನಮ್ಮ ಕೌಂಟಿಯಲ್ಲಿ ಒಂದೇ ಒಂದು: ಬಿ. ಚಾಲನರ್, ಬೂಂಟನ್, ನಮ್ಮಿಂದ ಹತ್ತು ನಿಮಿಷದ ದಾರಿ.

ಮನೆತನದ ಹೆಸರುಗಳ ಮೂಲ ತಿಳಿಸುವ ದಪ್ಪ ನಿಘಂಟೊಂದು ನಮ್ಮಲ್ಲಿತ್ತು. ನಾನೇ ತೆಗೆದೆ, ಏನಾದರೂ ಕೆಟ್ಟ ಅರ್ಥವಿದ್ದರೆ ಇವರ ಹುಚ್ಚು ಇಳಿಯಲಿ ಎಂದು. ಫ್ರಾನ್ಸಿನ ಶಾಲೋನ್ ಎಂಬ ಊರಿನಿಂದ ಉಣ್ಣೆಯ ಹೊದಿಕೆಗಳು ಬರುತ್ತಿದ್ದವಂತೆ. ಇಂಗ್ಲೆಂಡಿನಲ್ಲಿ ಆ ಹೊದಿಕೆಗೆ ಊರಿನ ಹೆಸರೇ ಚಾಲನ್ ಎಂದು ಬಿತ್ತು, ಅದನ್ನು ನೇಯುವವನಿಗೆ, ಮಾರುವವನಿಗೆ ಚಾಲನರ್ ಎಂದು ಹೆಸರಾಯಿತು. ಓದಿ ಹೇಳಿದೆ. ಅಡಿವೆಪ್ಪನವರು ಎಂದೂ ಕೂರದವರು ಕುರ್ಚಿ ಎಳೆದು ಕುಳಿತುಬಿಟ್ಟರು.

"ಕಂಬಳ್ಯಾರು!" ಎಂದರು. "ಪದ್ಮಕ್ಕಾ, ಅವ್ರೂ ಕಂಬಳ್ಯಾರು! ಅಂದ್ರ ನಾ ಹೆಸರು ಬದಲಿ ಮಾಡಾಕ ಹತ್ತಿಲ್ರಿ. ಬರೇ ಅಂಗಿ ಬದಲಿ ಮಾಡಾಕ ಹತ್ತೀನಿ. ದೇವ್ರ ತೋರಿಸ್ಯಾನ."

ಇಳಿಯಬೇಕಾದ ಹುಚ್ಚು ನನ್ನ ಕೈಯಿಂದಲೇ ನೆತ್ತಿಗೇರಿತು. ನನ್ನನ್ನು ನಾನೇ ಬೈದುಕೊಂಡೆ.

ವೀರಬಸಮ್ಮನಿಗೆ ಸುದ್ದಿ ಹೇಳಿದಾಗ ನಾನೂ ಅಲ್ಲೇ ಇದ್ದೆ. ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ಎರಡೂ ಒಂದ ಆದ್ರ ಬದಲಿ ಯಾಕ ಮಾಡ್ತೀರಿ?" ಎಂದಳು. ಗಂಡ ಫಾರ್ಮು ತೆಗೆದು ತೋರಿಸಿದರು. ಪೆನ್ಸಿಲ್ಲಿನಲ್ಲಿ ಆಗಲೇ ಬರೆದಿಟ್ಟಿದ್ದರು: ತಾವು ಆಡಮ್ ಚಾಲನರ್, ಹೆಂಡತಿ ವೀರಾ ಚಾಲನರ್, ಆರು ವರ್ಷದ ಮಗಳು ನೀಲಾಂಬಿಕೆ ಇನ್ನು ಮುಂದೆ ನೆಲ್ ಚಾಲನರ್.

ನೆಲ್ ಎಂಬುದನ್ನು ಕೇಳಿದ ಮೇಲೆ ವೀರಬಸಮ್ಮ ರೊಟ್ಟಿಯನ್ನು ಹಂಚಿನ ಮೇಲೆಯೇ ಬಿಟ್ಟಳು. ನೀಲಾಂಬಿಕೆ ಎಂಬುದು ವೀರಬಸಮ್ಮನ ತಾಯಿಯ ಹೆಸರು, ಅದನ್ನೇ ಮಗಳಿಗೆ ಇಟ್ಟಿದ್ದಳು. ಕೂಗಾಡುತ್ತಾಳೆ ಎಂದುಕೊಂಡೆ, ಕೂಗಾಡಲಿಲ್ಲ. "ಆತು, ಮಾಡ್ರಿ" ಎಂದಳು. "ಆದ್ರ ಇನ್ನೊಬ್ಬರ ಮನಿ ಹೆಸರು ಕೇಳದ ತಗೊಂಡ್ರ ಕಳವು ಆಕ್ಕೈತಿ. ದತ್ತಕ ಹೋಗಬೇಕಾದ್ರೂ ಆ ಮನಿ ಹಿರ್ಯಾರನ್ನ ಕೇಳ್ತಾರ. ಹೋಗಿ ಕೇಳೂಣು. ಅವ್ರು ಹೂಂ ಅಂದ್ರ ನಾನೂ ಹೂಂ ಅಂತೀನಿ."

ಅವಳ ಲೆಕ್ಕ ನನಗೆ ಅರ್ಥವಾಯಿತು. ಯಾವ ಮನೆಯವರು ದಾರಿಹೋಕರಿಗೆ ಹೆಸರು ಕೊಟ್ಟಾರು? ಆದರೆ ಅಡಿವೆಪ್ಪನವರಿಗೆ ಈ ಮಾತು ನ್ಯಾಯವಾಗಿ ಕಂಡಿತು. ಈ ದೇಶದಲ್ಲಿ ಹೆಸರಿಗೆ ಯಾರ ಅಪ್ಪಣೆಯೂ ಬೇಕಿಲ್ಲ ಎಂದು ನಾನು ಬಡಕೊಂಡೆ. ಇಬ್ಬರೂ ಕೇಳಲಿಲ್ಲ.

ಹೀಗೆ ಏಪ್ರಿಲ್‌ನ ಒಂದು ಭಾನುವಾರ ನನ್ನ ಕಾರಿನಲ್ಲಿ ಅವರಿಬ್ಬರು, ನಾನು, ಮೂವರೂ ಬೂಂಟನ್‌ಗೆ ಹೊರಟೆವು. ಉಡಿ ತುಂಬಲು ವೀರಬಸಮ್ಮನ ತಟ್ಟೆಯಲ್ಲಿ ಅಕ್ಕಿ, ತೆಂಗಿನಕಾಯಿ, ಬಾಳೆಹಣ್ಣು, ಇಳಕಲ್ಲಿನ ಕುಬುಸದ ಕಣ. ಅಡಿವೆಪ್ಪನವರು ಸೂಟು ಹಾಕಿದ್ದರು, ಫಾರ್ಮು ಕೋಟಿನ ಒಳಜೇಬಿನಲ್ಲಿತ್ತು.

ಬಾಗಿಲು ತೆರೆದದ್ದು ಎತ್ತರದ, ಬಿಳಿ ಕೂದಲಿನ ಹೆಂಗಸು. ನಿವೃತ್ತ ಶಾಲಾ ಶಿಕ್ಷಕಿ ಮಿಸ್ ಬಿಯಾಟ್ರಿಸ್ ಚಾಲನರ್, ಮದುವೆಯಾಗದವರು, ವಯಸ್ಸು ಅರವತ್ತೇಳು. ತಟ್ಟೆ ನೋಡಿದ್ದೇ ತಡ, ಧರ್ಮಪ್ರಚಾರಕ್ಕೆ ಬಂದವರೆಂದುಕೊಂಡು, "ನಾನು ಕ್ಯಾಥೊಲಿಕ್, ದಯವಿಟ್ಟು ಬೇರೆ ಮನೆ ನೋಡಿ" ಎಂದು ಬಾಗಿಲು ಮುಚ್ಚಲು ಹೊರಟರು. ನಾನು ಲೈಬ್ರರಿಯ ಹೆಸರು ಹೇಳಿ ತಡೆದೆ. ಒಳಗೆ ಕೂರಿಸಿದರು. ಅಡಿವೆಪ್ಪನವರು ನಿಂತುಕೊಂಡೇ ಒಂದೇ ಉಸಿರಿಗೆ ಅರವತ್ತು ಅರ್ಜಿ, ಡೈರೆಕ್ಟರಿ, ಶಾಲೋನ್, ಕಂಬಳಿ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿ, ಕೊನೆಗೆ "ನಿಮ್ಮ ಮನೆತನದ ಹೆಸರನ್ನು ನಮಗೆ ಕೊಡುತ್ತೀರಾ ಮೇಡಂ?" ಎಂದು ಕೈ ಮುಗಿದರು. ನನಗೆ ಸೋಫಾದೊಳಗೆ ಹೂತುಹೋಗಬೇಕು ಅನ್ನಿಸಿತು.

ಆಕೆ ನಗಲಿಲ್ಲ.

"ಬೇಕಾದರೆ ತೆಗೆದುಕೊಳ್ಳಿ" ಎಂದರು. "ಆದರೆ ಅದು ಕೊಡಲಿಕ್ಕೆ ನನ್ನದಲ್ಲ. ನನ್ನ ತಂದೆಯೂ ಅದನ್ನು ಹೀಗೇ ತೆಗೆದುಕೊಂಡದ್ದು. ಪಸಾಯಿಕ್‌ನ ಉಣ್ಣೆ ಗಿರಣಿಯಲ್ಲಿ ಅವರ ಮೇಸ್ತ್ರಿ ಒಬ್ಬ ಇಂಗ್ಲಿಷಿನವ ಇದ್ದನಂತೆ, ಅವನ ಹೆಸರು. ಅದಕ್ಕೆ ಮೊದಲು ನಾವು ಯಾರಾಗಿದ್ದೆವೋ ಗೊತ್ತಿಲ್ಲ. ಕೇಳಿದಾಗಲೆಲ್ಲ ಮರೆತುಹೋಗಿದೆ ಅನ್ನುತ್ತಿದ್ದರು. ಸಾಯುವ ವಾರ ಇಂಗ್ಲಿಷು ಬಿಟ್ಟು ಬೇರೆ ಯಾವುದೋ ಭಾಷೆಯಲ್ಲಿ ಪ್ರಾರ್ಥನೆ ಮಾಡಿದರು. ನಾನು ಪಕ್ಕದಲ್ಲೇ ಕೂತಿದ್ದೆ. ಒಂದು ಶಬ್ದವೂ ತಿಳಿಯಲಿಲ್ಲ."

ವೀರಬಸಮ್ಮನಿಗೆ ಇಂಗ್ಲಿಷು ಅಷ್ಟಕ್ಕಷ್ಟೆ. ನಾನು ಮೆಲ್ಲಗೆ ಕನ್ನಡದಲ್ಲಿ ಹೇಳಿದಾಗ ಎದ್ದು ಹೋಗಿ ಆ ಹೆಂಗಸಿನ ಹಣೆಗೆ ಕುಂಕುಮವಿಟ್ಟು, ಮಡಿಲಿಗೆ ಅಕ್ಕಿ, ಕಾಯಿ, ಕಣ ಹಾಕಿದಳು. ಮಿಸ್ ಚಾಲನರ್ ಸ್ಕರ್ಟಿನ ಅಂಚು ಎತ್ತಿ ಹಿಡಿದುಕೊಂಡೇ ಇದ್ದರು, ಒಂದು ಕಾಳೂ ಕೆಳಗೆ ಬೀಳದ ಹಾಗೆ.

ಹೊರಡುವಾಗ ಅವರೇ ಕೇಳಿದರು. ತಂದೆ 1911ರಲ್ಲಿ ಪ್ಯಾಟರ್ಸನ್ ಕೋರ್ಟಿನಲ್ಲಿ ಪ್ರಜೆಯಾದದ್ದಂತೆ, ಕಾಗದ ಅಲ್ಲೇ ಇರಬೇಕು. "ಎಷ್ಟೋ ಸಲ ಬಸ್ಸು ಹತ್ತಿ ಹೋಗಿದ್ದೇನೆ, ಮೆಟ್ಟಿಲಿನಿಂದ ವಾಪಸು ಬಂದಿದ್ದೇನೆ. ನಿಮಗೆ ಕೋರ್ಟಿನ ಕೆಲಸ ಇರುತ್ತದಲ್ಲ, ನೋಡಿ ಬರುತ್ತೀರಾ?"

ಹೆಸರು ಸಿಕ್ಕಿತ್ತು, ಅಪ್ಪಣೆ ಸಿಕ್ಕಿತ್ತು. ಆದರೂ ಆ ಇಡೀ ವಾರ ಅಡಿವೆಪ್ಪನವರು ಫಾರ್ಮು ಪೋಸ್ಟ್ ಮಾಡಲಿಲ್ಲ. ಪೆನ್ಸಿಲಿನ ಅಕ್ಷರದ ಮೇಲೆ ಪೆನ್ನು ಆಡಿಸಲು ಕೂರುವುದು, ಏಳುವುದು, ಕಾರು ತೆಗೆದುಕೊಂಡು ರೂಟ್ 46 ಹೆದ್ದಾರಿಯಲ್ಲಿ ಸುಮ್ಮನೆ ಹೋಗಿ ಬರುವುದು. "ಪೆಟ್ರೋಲಿಗೆ ಬೆಂಕಿ ಬಿದ್ದೈತಿ, ಇವ್ರು ನೋಡಿದ್ರ ಗಾಳಿ ತಿನ್ನಾಕ ಹೋಗ್ತಾರ" ಎಂದು ವೀರಬಸಮ್ಮ ಫೋನಿನಲ್ಲಿ ಹೇಳಿಕೊಂಡಳು. ಫಾರ್ಮು ಕಳಿಸುವ ಕಡೆಯ ದಿನ ಸೋಮವಾರ ಎಂದು ಅಡಿವೆಪ್ಪನವರು ತಾವೇ ಗೊತ್ತು ಮಾಡಿಕೊಂಡಿದ್ದರು. ಅಂದು ಹೊಸ ಹೆಸರಿನಲ್ಲಿ ಹೊಸ ಅರ್ಜಿಗಳನ್ನೂ ಹಾಕಬೇಕೆಂದು ಟೈಪ್ ಮಾಡಿಸಿಟ್ಟಿದ್ದರು.

ಶುಕ್ರವಾರ ಪ್ಯಾಟರ್ಸನ್‌ಗೆ ಹೋದರು. ಶನಿವಾರ ತಮ್ಮನ್ನು ಬೂಂಟನ್‌ಗೆ ಕರೆದುಕೊಂಡು ಹೋಗಬೇಕೆಂದು ನನ್ನನ್ನು ಕೇಳಿದರು, ಇವತ್ತು ತಮ್ಮಿಂದ ಡ್ರೈವ್ ಮಾಡಲಾಗದು ಎಂದರು. ನಾನು ಕಂಡ ಮಟ್ಟಿಗೆ ಆ ಮನುಷ್ಯ ಹಾಗೆ ಹೇಳಿದ್ದು ಅದೇ ಮೊದಲು. ದಾರಿಯುದ್ದಕ್ಕೂ ಕಾಲು ಅಲ್ಲಾಡಿಸುತ್ತಿದ್ದರು, ಕಾಗದ ತೋರಿಸಿ ಎಂದರೆ ತೋರಿಸಲಿಲ್ಲ. "ಮದಲ ಅವ್ರು ನೋಡ್ಲಿ. ಅವ್ರ ಮನಿ ಕಾಗದ" ಎಂದರು.

ಮಿಸ್ ಚಾಲನರ್ ಕನ್ನಡಕ ಹಾಕಿಕೊಂಡರು, ತೆಗೆದರು. "ನೀವೇ ಓದಿ" ಎಂದರು.

ಅಡಿವೆಪ್ಪನವರು ಓದಿದರು. ಅರ್ಜಿದಾರ, ಆಂದ್ರೇಯ್ ಹುಡಾಕ್, ಗಿರಣಿ ಕೂಲಿ, ಹುಟ್ಟಿದ್ದು ಹಂಗೇರಿ ರಾಜ್ಯದಲ್ಲಿ. ಇನ್ನು ಮುಂದೆ ಆಂಡ್ರೂ ಚಾಲನರ್ ಎಂದು ಕರೆಯಲ್ಪಡಲು ಕೋರ್ಟಿನ ಒಪ್ಪಿಗೆ ಬೇಡುತ್ತಾನೆ.

"ಹುಡಾಕ್" ಎಂದರು ಆಕೆ. ಇನ್ನೊಮ್ಮೆ ಅಂದರು. ಕಣ್ಣಲ್ಲಿ ನೀರಿರಲಿಲ್ಲ, ಬದಲಿಗೆ ಪಾಠ ಒಪ್ಪಿಸುವ ಮಗುವಿನ ಗಂಭೀರತೆ ಇತ್ತು. "ಅಷ್ಟೇನಾ?"

"ಇನ್ನೊಂದು ಸಾಲು ಇದೆ ಮೇಡಂ. ಮಕ್ಕಳು." ಅಡಿವೆಪ್ಪನವರ ದನಿ ಇಳಿಯಿತು. "ಒಂದು. ಬೊಜೆನಾ, ಹೆಣ್ಣು, ಹುಟ್ಟಿದ್ದು 1907, ಮಾರ್ಚ್ ಎರಡು."

ಆಕೆಯ ಕೈ ಗಲ್ಲಕ್ಕೆ ಹೋಯಿತು. "ಮಾರ್ಚ್ ಎರಡು ನನ್ನ ಹುಟ್ಟುಹಬ್ಬ" ಎಂದರು.

"ಹೌದು ಮೇಡಂ. ಒಂದೇ ಮಗು ಅಂತ ಬರೆದಿದೆ."

"ಇಲ್ಲ, ಇಲ್ಲ" ಎಂದರು ಆಕೆ. "ಬೊಜೆನಾ ನನ್ನ ಅಕ್ಕ. ಅಮ್ಮ ಮೆಟ್ಟಿಲ ಮೇಲೆ ನಿಂತು ಹಾಗೆ ಕೂಗುತ್ತಿದ್ದದ್ದು ನನಗೆ ನೆನಪಿದೆ. ಅಮ್ಮ ಸತ್ತ ಮೇಲೆ ಅಪ್ಪನನ್ನು ಕೇಳಿದೆ, ಬೊಜೆನಾ ಎಲ್ಲಿ ಎಂದು. ಆ ಹುಡುಗಿ ಈಗ ಇಲ್ಲ ಅಂದರು. ಸತ್ತುಹೋದಳು ಅಂದುಕೊಂಡೆ. ಪ್ರತಿ ನವೆಂಬರಿನಲ್ಲಿ ಚರ್ಚಿಗೆ ಹೋಗಿ ಅವಳ ಆತ್ಮಕ್ಕೆ ಮೇಣದಬತ್ತಿ ಹಚ್ಚುತ್ತೇನೆ. ಅರವತ್ತು ವರ್ಷದಿಂದ ಹಚ್ಚುತ್ತಿದ್ದೇನೆ."

ಕಾಗದದಲ್ಲಿ ಆ ಹೆಸರಿನ ಮೇಲೆ ಬೆರಳಿಟ್ಟರು, ಆಮೇಲೆ ಅದೇ ಬೆರಳನ್ನು ತಮ್ಮ ಎದೆಯ ಮೇಲಿಟ್ಟುಕೊಂಡರು. ಅಡಿವೆಪ್ಪನವರು ಆಕೆಯ ಕುರ್ಚಿಯ ಪಕ್ಕ ನೆಲದ ಮೇಲೆ ಕುಳಿತರು, ಸಂಜೆಯವರೆಗೆ ಏಳಲಿಲ್ಲ.

ವಾಪಸು ಬರುವಾಗ ಅರ್ಧ ದಾರಿಯಲ್ಲಿ "ಗಾಡಿ ನಿಂದರಸ್ರಿ ಪದ್ಮಕ್ಕಾ" ಎಂದರು. ನಿಲ್ಲಿಸಿದೆ. ಒಳಜೇಬಿನಿಂದ ಫಾರ್ಮು ತೆಗೆದು, ನನ್ನ ಪೆನ್ನು ಇಸಿದುಕೊಂಡು, ಬಾನೆಟ್ಟಿನ ಮೇಲೆ ಹರಡಿದರು. ತಮ್ಮ ಹೆಸರನ್ನೋ ಹೆಂಡತಿಯ ಹೆಸರನ್ನೋ ಮೊದಲು ತಿದ್ದುತ್ತಾರೆ ಎಂದು ನೋಡುತ್ತಿದ್ದೆ. ಅವರು ನೇರ ಕೆಳಗಿನ ಸಾಲಿಗೆ ಹೋದರು. ನೆಲ್ ಎಂಬುದನ್ನು ಹೊಡೆದು ಹಾಕಿ, ಆ ಚಿಕ್ಕ ಚೌಕದಲ್ಲಿ ಹಿಡಿಯದಿದ್ದರೂ ಅಂಚಿನಾಚೆಗೆ ಹರಿಯುವಂತೆ, ಒಂದೊಂದೇ ಅಕ್ಷರ ಒತ್ತಿ ಒತ್ತಿ ಬರೆದರು: ನೀಲಾಂಬಿಕೆ ಅಡಿವೆಪ್ಪ ಕಂಬಳಿ.

"ನನ್ನ ಮಗಳು ಜೀವಂತ ಅದಾಳ್ರಿ" ಎಂದರು.