ಹೆಸರಿಲ್ಲದ ಚಿಕ್ಕ ಭಾಗ

ಈ ವರ್ಷದ ಮಾರ್ಚ್ ಮೊದಲ ಶನಿವಾರ ಬೆಳಗ್ಗೆ ಹತ್ತೂವರೆಗೆ ಮಧುಗಿರಿಯಲ್ಲಿ ನನ್ನ ಕಂಪ್ಯೂಟರ್ ಬೂಟ್ ಆಗಲಿಲ್ಲ. ಕಪ್ಪು ಪರದೆಯ ಮೇಲೆ, ಬೂಟ್ ಮಾಡಲು ಡಿಸ್ಕ್ ಸಿಗುತ್ತಿಲ್ಲ ಎಂಬ ಒಂದೇ ಸಾಲು. ಹಳೇ ಹಾರ್ಡ್ ಡಿಸ್ಕಿನಲ್ಲಿದ್ದದ್ದನ್ನು ಎಸ್‌ಎಸ್‌ಡಿ ಎಂಬ ಹೊಸ ವೇಗದ ಡಿಸ್ಕಿಗೆ ಹಿಂದಿನ ಸಂಜೆ ನಾನೇ ಕಾಪಿ ಮಾಡಿ, ಅದನ್ನು ಕೂರಿಸಿದ್ದೆ.

ಹಳೇದೇನೂ ಕೆಟ್ಟಿರಲಿಲ್ಲ. ಪಾವಗಡದ ವರದಿಗಾರ್ತಿ ತನ್ನ ಕಂಪ್ಯೂಟರಿಗೆ ಎಸ್‌ಎಸ್‌ಡಿ ಹಾಕಿಸಿ, ಅದು ಆನ್ ಆಗಿ ಏಳುವ ವಿಡಿಯೊವನ್ನು ನಮ್ಮ ನಾಲ್ಕು ತಾಲ್ಲೂಕಿನ ವರದಿಗಾರರ ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸಿದ್ದಳು. ಶಿರಾದವರು 'ಮಾಷಾ ಅಲ್ಲಾ' ಎಂದು ಬರೆದರು. ಕೊರಟಗೆರೆಯವರು ಚಪ್ಪಾಳೆ ಒತ್ತಿದರು. ನಾನು ವಿಡಿಯೊವನ್ನು ಐದು ಸಲ ನೋಡಿದೆ. ಹನ್ನೊಂದೇ ಸೆಕೆಂಡಿನಲ್ಲಿ ಏಳುತ್ತಿತ್ತು. ಆಕೆಗೆ ಸುದ್ದಿ ಬರೆಯಲು ಕಲಿಸಿದವನು ನಾನು.

ಭಾನುವಾರದ ಪುರವಣಿಯ ಮೊದಲ ಪುಟಕ್ಕೆ ನಮ್ಮಿಬ್ಬರ ವರದಿಗಳ ನಡುವೆ ಪೈಪೋಟಿಯಿತ್ತು. ಆಕೆಯದು ತಿರುಮಣಿಯ ಸೋಲಾರ್ ಫಲಕಗಳ ನಡುವೆ ಕುರಿ ಮೇಯಿಸುವವರ ಬಗ್ಗೆ, ನನ್ನದು ಐ.ಡಿ.ಹಳ್ಳಿ ಕಡೆ ಹುಣಸೆಹಣ್ಣು ಕುಟ್ಟುವ ಹೆಂಗಸರ ಬಗ್ಗೆ. ಶನಿವಾರ ಮೂರು ಗಂಟೆಯೊಳಗೆ ಕಳಿಸಬೇಕಿತ್ತು.

ಕೇಬಲ್ ಬದಲಿಸಿದೆ. ಸೆಟ್ಟಿಂಗ್ಸಿನಲ್ಲಿ ಡಿಸ್ಕುಗಳ ಸರದಿ ಬದಲಿಸಿದೆ. ಹನ್ನೆರಡೂವರೆಗೆ ಬೇರೆ ದಾರಿಯಿಲ್ಲದೆ ಆಕೆಗೇ ಫೋನ್ ಮಾಡಿದೆ.

"ಪೂರ್ತಿ ಡಿಸ್ಕ್ ಕಾಪಿ ಮಾಡಿದ್ರಾ ಸಾರ್?"

"ಸಿ ಡ್ರೈವ್, ಡಿ ಡ್ರೈವ್ ಎರಡೂ ಮಾಡಿದೆ. ಪಟ್ಟಿಯ ಮೊದಲಿಗೆ ಡಿಸ್ಕಿನ ಒಂದು ಚಿಕ್ಕ ಭಾಗ ಇತ್ತು. ಅದಕ್ಕೆ ಹೆಸರೇ ಇರಲಿಲ್ಲ, ಟಿಕ್ ತೆಗೆದೆ."

ಆಕೆ ನಕ್ಕಳು. "ಅಯ್ಯೋ, ಕಂಪ್ಯೂಟರ್ ಏಳೋದೇ ಅದ್ರಿಂದ ಕಣ್ ಸಾರ್! ಸುದ್ದೀಲಿ ಹೆಸ್ರು ಹೇಳ್ದಿರೋರ ಮಾತು ಹೊಡ್ದಾಕು ಅಂತ ನಂಗೆ ಹೇಳ್ಕೊಟ್ರಿ. ಡಿಸ್ಕಿಗೂ ಅದೇ ರೂಲ್ ಹಾಕ್ಬುಟ್ರಾ?"

ಹಾಕಿದ್ದೆ. ಇಪ್ಪತ್ತು ವರ್ಷದ ಅಭ್ಯಾಸ.

"ಹಳೇದ್ನ ಸಿಗಿಸಿ ಮೊದ್ಲು ಸ್ಟೋರಿ ಕಳ್ಸಿಬುಡಿ ಸಾರ್. ಕಾಪಿ ಆಮ್ಯಾಕೆ ಮಾಡ್ಕೊಂಡ್ರಾಯ್ತು."

ಹಳೇದನ್ನು ಸಿಗಿಸಿದೆ. ಈ ಸಲ ಎಲ್ಲ ಭಾಗಗಳಿಗೂ ಟಿಕ್ ಹಾಕಿ ಕಾಪಿಗೆ ಬಿಟ್ಟೆ. ವರದಿ ಎದುರಿಗೇ ಇತ್ತು, ಒಂದು ಬಟನ್ ಒತ್ತಿದ್ದರೆ ಹೋಗುತ್ತಿತ್ತು. ಆಕೆ ಹೇಳಿದಳೆಂದೇ ಒತ್ತಲಿಲ್ಲ. ಹೊಸದರಿಂದಲೇ ಕಳಿಸಬೇಕಿತ್ತು ನನಗೆ.

ಕಾಪಿ ಮುಗಿದಾಗ ಮೂರು ದಾಟಿ ಐದು ನಿಮಿಷ. ಹಳೇದನ್ನು ಬಿಚ್ಚಿ ಹೊಸದನ್ನು ಕೂರಿಸಿದೆ. ಕಂಪ್ಯೂಟರ್ ಎದ್ದಿತು. ವರದಿ ಹೋದದ್ದು ಮೂರೂ ಇಪ್ಪತ್ತಕ್ಕೆ.

ಭಾನುವಾರ ಮೊದಲ ಪುಟದಲ್ಲಿ ತಿರುಮಣಿಯ ಕುರಿಗಳಿದ್ದವು. ಹುಣಸೆಹಣ್ಣು ಮುಂದಿನ ವಾರ ನಾಲ್ಕನೇ ಪುಟದಲ್ಲಿ ಬಂತು. ನಿನ್ನೆ ಎಣಿಸಿ ನೋಡಿದೆ: ನನ್ನ ಕಂಪ್ಯೂಟರ್ ಏಳಲು ಹದಿನಾಲ್ಕು ಸೆಕೆಂಡ್ ಹಿಡಿಯುತ್ತದೆ.