ಟೈಲ್ಸ್ ಹಾಸಿದ ಅಂಗಳ

ಮದ್ದೂರಿನ ಹೆದ್ದಾರಿ ಪಕ್ಕದ ಟೈಲ್ಸ್ ಅಂಗಡಿಯಲ್ಲಿ ರಘುನಂದನ ಕಮೋಡು ಮಾರುತ್ತಿದ್ದ. ಏನು ಕೆಲಸ ಎಂದು ಕೇಳಿದವರಿಗೆ ‘ಸ್ಯಾನಿಟರಿ ಎಕ್ಸಿಕ್ಯೂಟಿವ್’ ಎನ್ನುತ್ತಿದ್ದ. ಕೆಲವರು ಅದನ್ನು ಆಸ್ಪತ್ರೆಯ ಹುದ್ದೆ ಎಂದುಕೊಂಡು ಮಂಡಿನೋವಿಗೆ ಮಾತ್ರೆ ಕೇಳಿದ್ದೂ ಉಂಟು. ಅವನು ತಿದ್ದುವ ಗೋಜಿಗೆ ಹೋಗಿರಲಿಲ್ಲ. “ಒಂದೇ ಫ್ಲಶ್ಶಿಗೆ ಎಲ್ಲಾ ಮಾಯ ಸಾರ್” ಎಂದು ದಿನವಿಡೀ ಗಿರಾಕಿಗಳಿಗೆ ಹೇಳುತ್ತಿದ್ದ. ಮಾಯವಾದದ್ದು ಎಲ್ಲಿಗೆ ಹೋಗುತ್ತದೆಂದು ಅವರೂ ಕೇಳಿರಲಿಲ್ಲ, ಇವನೂ ಯೋಚಿಸಿರಲಿಲ್ಲ.

ಶಿವಪುರದಾಚೆಯ ಊರಿನಲ್ಲಿದ್ದ ಅವನ ಮನೆಯದು ಅಂಗಳದ ಕೆಳಗಿನ ಸೆಪ್ಟಿಕ್ ಟ್ಯಾಂಕಿಗೆ ಹೋಗುತ್ತಿತ್ತು. ಅಪ್ಪ ಕಟ್ಟಿಸಿದ್ದು. ಅದರ ಬಾಯಿಗೆ ಒಂದು ಕಲ್ಲುಚಪ್ಪಡಿ, ಎತ್ತುವುದಕ್ಕೆ ಕಬ್ಬಿಣದ ಬಳೆಗಳು. ಅಪ್ಪ ತೀರಿಕೊಂಡ ಮೇಲೆ ತಂಗಿ ವೀಣಳನ್ನು ನೋಡಲು ಗಂಡಿನ ಕಡೆಯವರು ಬರುವ ಮಾತು ಬಂದಾಗ ಆ ಬಳೆಗಳು ರಘುವಿನ ಕಣ್ಣಿಗೆ ಚುಚ್ಚತೊಡಗಿದವು. ಅಂಗಡಿಯಲ್ಲಿ ಮಿಕ್ಕ ಟೈಲ್ಸ್ ತಂದು ಅಂಗಳಕ್ಕೆಲ್ಲ ಹಾಸಿಸಿಬಿಟ್ಟ.

“ಬಾಯಿ ಮುಚ್ಬುಡಬ್ಯಾಡ ಕಣ್ಲಾ, ನಾಳೆ ತುಂಬ್ಕಂಡ್ರೆ ಎಲ್ಲಿಂದ ತಗಸ್ತೀಯ?” ಎಂದಳು ತಾಯಿ ಸೋಮಮ್ಮ.

“ಸುಮ್ಕಿರವ್ವ. ಮನೆ ಅಂದ್ಮೇಲೆ ಫಿನಿಷಿಂಗ್ ಇರ್ಬೇಕು.”

ಗಂಡಿನವರು ಹುಡುಗಿಯನ್ನು ಮೆಚ್ಚಿದರು. ಅಂಗಳವನ್ನು ಮೆಚ್ಚಿದರು ಎಂದು ರಘು ತಿಳಿದುಕೊಂಡ. ಆಮೇಲೆ ಬಚ್ಚಲಿನಿಂದ ವಾಸನೆ ಬಂದಾಗಲೆಲ್ಲ ಆಸಿಡ್ ಸುರಿದ. ಗುಂಡಿಯೊಳಗೆ ಮಲವನ್ನು ಕರಗಿಸುವ ಜೀವಾಣುಗಳನ್ನೇ ಅದು ಕೊಲ್ಲುತ್ತದೆಂದು ಬಾಟಲಿಯ ಮೇಲೆ ಅಚ್ಚಾಗಿತ್ತು. ಆ ಬಾಟಲಿಯನ್ನು ಅವನು ಎಷ್ಟೋ ಜನಕ್ಕೆ ಮಾರಿದ್ದ; ಓದಿರಲಿಲ್ಲ.

ಮದುವೆ ಬಂತು. ಚಪ್ಪರದ ಹಿಂದಿನ ದಿನ ಮನೆ ತುಂಬ ನೆಂಟರು. ಟೈಲ್ಸ್ ಒಡೆಯುತ್ತದೆಂದು ರಘು ಕಂಬ ನೆಡಲು ಬಿಡದೆ, ಎಣ್ಣೆ ಡಬ್ಬಗಳಿಗೆ ಮರಳು ತುಂಬಿಸಿಟ್ಟಿದ್ದ.

“ಚಪ್ರದ ಕಂಬ ಡಬ್ಬದಲ್ಲಾ?” ಸೋದರಮಾವ ಶಿವರಾಮು ನಕ್ಕ. “ಕೊತ್ತಂಬ್ರಿ ಬೆಳೀತೀಯೇನ್ಲಾ?”

ಆ ನಗು ಮುಗಿಯುವ ಮೊದಲೇ ಬಚ್ಚಲಲ್ಲಿದ್ದ ಹೆಂಗಸೊಬ್ಬಳು ಸೀರೆ ಎತ್ತಿಕೊಂಡು ಹೊರಗೋಡಿ ಬಂದಳು. ಹೋಗಬೇಕಾದದ್ದೆಲ್ಲ ವಾಪಸು ಬರುತ್ತಿತ್ತು. ನೋಡುನೋಡುತ್ತ ನಡುಮನೆಯ ಹೊಸ್ತಿಲು ಮುಟ್ಟಿತು. ಬೆಳಗಾದರೆ ಬೀಗರು ಬರುವವರು. ಗುಂಡಿಯ ಕೊಳೆ ಹೀರುವ ಲಾರಿಯ ವಾಜಿದನಿಗೆ ರಘು ಫೋನ್ ಮಾಡಿದ.

ವಾಜಿದ್ ಲಾರಿ ನಿಲ್ಲಿಸಿ, ಪೈಪು ಹೆಗಲಿಗೇರಿಸಿ ಅಂಗಳ ನೋಡಿದ. “ಬಾಯಿ ಎಲ್ಲೈತೆ ಬಾಸ್?”

ಸೋಮಮ್ಮ ಒಂದು ಕಡೆ ಕೈ ತೋರಿಸಿದಳು, ರಘು ಇನ್ನೊಂದು ಕಡೆ; ಖಚಿತವಾಗಿ ಯಾರಿಗೂ ಗೊತ್ತಿರಲಿಲ್ಲ. ಎಲ್ಲ ಕಡೆಯೂ ಒಂದೇ ಹೊಳಪು. ಅಷ್ಟು ಚೆನ್ನಾಗಿತ್ತು ಫಿನಿಷಿಂಗ್.

“ಕೇರಿ ಚೌಡಯ್ಯಂಗೆ ಗೊತ್ತಿರ್ತದೆ,” ಎಂದ ಶಿವರಾಮು. “ನಿಮ್ಮಪ್ಪನ ಕಾಲ್ದಲ್ಲಿ ಅವ್ನೇ ಇಳ್ದು ಎತ್ತಿದ್ದ.”

ರಘುವಿಗೆ ಜೀವ ಬಂತು. ಚೌಡಯ್ಯ ಬಾಯಿ ತೋರಿಸುತ್ತಾನೆ, ಪೈಪಿಗೆ ಬಾರದೆ ಗಟ್ಟಿಯಾಗಿರುವುದನ್ನು ಇಳಿದು ಎತ್ತಿಯೂ ಕೊಡುತ್ತಾನೆ.

“ಇಳ್ಸೋ ಮಾತು ಬ್ಯಾಡ ಬಾಸ್,” ಎಂದ ವಾಜಿದ್. “ಒಳಗೆ ಗ್ಯಾಸ್ ಇರ್ತದೆ. ಇಳ್ದೋನು ಮೇಲಕ್ಕೆ ಬರಲ್ಲ.”

“ಪಳಗಿರೋನು ಬುಡಣ್ಣ, ಏನಾಗಲ್ಲ,” ಎಂದ ರಘು. ಇನ್ನೊಬ್ಬರ ಉಸಿರಿನ ಬಗ್ಗೆ ಅವನಿಗೆ ಬಲು ಧೈರ್ಯ. ಕೈಗೆ ಕೊಳೆ ನೀರು ತಾಗಿದ್ದರಿಂದ ಫೋನನ್ನು ಜಗುಲಿಯ ಮೇಲಿಟ್ಟು ಸ್ಪೀಕರ್ ಹಾಕಿದ.

“ಚೌಡಯ್ಯನಾ? ನಾನು ಸೋಮಮ್ಮನ ಮಗ.”

“ಗೊತ್ತಾಯ್ತು ಕಣಪ್ಪ,” ಎಂದಿತು ಮುದಿ ದನಿ. “ವೀಣವ್ವನ ಮದ್ವೆ ಅಲ್ವಾ? ನಮ್ ಕೇರಿಗೆ ಲಗ್ನಪತ್ರಿಕೆ ಬರ್ನಿಲ್ಲ. ಇವ್ರಪ್ಪ ಇದ್ದಿದ್ರೆ ಮರೀತಿರ್ನಿಲ್ಲ ಅಂತ ಈಗ್ತಾನೆ ನಮ್ಮೆಂಗಸ್ರ ತಾವ ಅಂತಿದ್ದೆ. ನೀನೇ ಫೋನ್ ಮಾಡಿ ಕರುದ್ಯಲ್ಲ, ಅಷ್ಟೇ ಸಾಕು. ಬತ್ತೀವಿ.”

ಅಂಗಳದಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಪತ್ರಿಕೆ ಹಂಚಲು ಬೈಕಿನಲ್ಲಿ ಹೋದವನು ರಘುವೇ. ಕೇರಿಯ ತಿರುವಿನಲ್ಲಿ ಬೈಕು ತಾನಾಗಿಯೇ ಎಡಕ್ಕೆ ಹೊರಳಿತ್ತು ಎಂದು ಅವನು ಬೇಕಾದರೆ ವಾದಿಸಬಹುದಿತ್ತು.

“ಬನ್ನಿ,” ಎಂದ. ಚೌಡಯ್ಯನಿಗೆ ಅವನು ಬಹುವಚನ ಬಳಸಿದ್ದು ಅದೇ ಮೊದಲು. ಅಲ್ಲಿಗೇ ಫೋನ್ ಆರಿಸಿದ.

ಬಾಗಿಲಲ್ಲಿ ವೀಣ ನಿಂತಿದ್ದಳು, ಕೈಯಲ್ಲಿ ಅರಿಸಿನ. “ಯಾಕಣ್ಣ ನಿಲ್ಲುಸ್ಬುಟ್ಟೆ? ಊಟಕ್ಕೆ ಬರಕ್ ಮುಂಚೆ ಗುಂಡಿಗಿಳೀರಿ ಅನ್ನೋದಲ್ವಾ?” ಅವನು ಫೋನ್ ಒರೆಸತೊಡಗಿದ. “ನನ್ ಚಪ್ರದಡೀಲಿ ಯಾರಾದ್ರೂ ಇಳುದ್ರೆ ನಾನು ಹಸೆ ಮೇಲೆ ಕೂರಕ್ಕಿಲ್ಲ. ತಿಳ್ಕೊ.”

ರಘು ಸುತ್ತಿಗೆ ತಂದ. ಒಂದು ಕಡೆ ಒಡೆದ, ಮಣ್ಣು. ಇನ್ನೊಂದು ಕಡೆ, ಅಲ್ಲೂ ಮಣ್ಣು. ನೆಂಟರು ಸುತ್ತ ಕುರ್ಚಿ ಹಾಕಿಕೊಂಡು ಕೂತರು.

“ನಿಧಿ ಸಿಕ್ರೆ ನಂಗೂ ಭಾಗ ಕೊಡ್ಲಾ,” ಎಂದ ಶಿವರಾಮು.

ತೆಂಗಿನ ಮರದ ಹತ್ತಿರ ಕೊನೆಗೆ ತುಕ್ಕು ಹಿಡಿದ ಬಳೆ ಕಂಡಿತು. ವಾಜಿದ್ ಶಿವರಾಮುವಿನ ಬೀಡಿ ಆರಿಸಿ, ಎಲ್ಲರನ್ನೂ ದೂರ ಸರಿಸಿ, ಚಪ್ಪಡಿ ಮೀಟಿ ಗಾಳಿಯಾಡಲು ಬಿಟ್ಟ. ಆಮೇಲೆ ನೀರು ಹಾಯಿಸಿ, ಗಟ್ಟಿಯಾದದ್ದನ್ನು ಸಡಿಲ ಮಾಡಿ, ಪೈಪಿನಿಂದಲೇ ಎಳೆದ. ಮತ್ತೆ ಹಾಯಿಸಿದ, ಮತ್ತೆ ಎಳೆದ. ಸಂಜೆಯವರೆಗೂ ಆಯಿತು. ಯಾರೂ ಇಳಿಯಲಿಲ್ಲ, ಬಗ್ಗಿ ನೋಡಲೂ ಅವನು ಬಿಡಲಿಲ್ಲ.

“ತುಂಬೋಗಂಟ ಕಾಯ್ಬೇಡಿ ಬಾಸ್,” ಹೊರಡುವಾಗ ಹೇಳಿದ. “ಎರಡು ಮೂರು ವರ್ಸಕ್ಕೊಂದ್ಸಲ ಕರೀರಿ. ಬಾಯಿ ಕಾಣಂಗಿರ್ಲಿ.”

ಬೆಳಗ್ಗೆ ಅಂಗಳ ಹಲ್ಲುದುರಿದ ಮುದುಕನಂತಿತ್ತು. ಸಂತೋಷಪಟ್ಟವನು ಶಿವರಾಮು ಒಬ್ಬನೇ. ರಘು ತಪ್ಪಾಗಿ ಒಡೆದ ಕಡೆಗಳಲ್ಲೇ ಅವನು ಅಗೆದು, ಡಬ್ಬ ಒದ್ದು, ಚಪ್ಪರದ ಕಂಬಗಳನ್ನು ಮಣ್ಣಿಗೇ ನೆಟ್ಟ. ಬೀಗರು ಬಂದರು, ಅಂಗಳದ ಬಗ್ಗೆ ಏನೂ ಅನ್ನಲಿಲ್ಲ. ಅವರಿಗೆ ಅದರ ನೆನಪೇ ಇರಲಿಲ್ಲ.

ಚೌಡಯ್ಯನವರು ಬಿಳಿ ಪಂಚೆಯುಟ್ಟು, ಹಿತ್ತಾಳೆ ತಂಬಿಗೆ ಹಿಡಿದು, ಹೆಂಡತಿಯೊಂದಿಗೆ ಬಂದು ಗೇಟಿನ ಹೊರಗೇ ನಿಂತರು. ರಘು ಹೋಗಿ ಕರೆತಂದು ಚಪ್ಪರದಡಿ ಪಂಕ್ತಿಯಲ್ಲಿ ಕೂರಿಸಿದ. ಒಂದಿಬ್ಬರು ನೆಂಟರು ತಮ್ಮ ಎಲೆಗಳನ್ನು ಆಚೆಗೆ ಸರಿಸಿಕೊಂಡರು. ನಿನ್ನೆ ತಾನೂ ಅದೇ ಪಂಕ್ತಿಯವನಾಗಿದ್ದದ್ದು ನೆನಪಾಗಿ ಅವರನ್ನು ಗದರುವ ಬಾಯಿ ಅವನಿಗೆ ಬರಲಿಲ್ಲ. ಪಾಯಸದ ಬಕೆಟ್ಟು ಹಿಡಿದುಕೊಂಡ.

ಚೌಡಯ್ಯನವರ ಕಣ್ಣು ತೆಂಗಿನ ಮರದ ಬುಡದ ಚಪ್ಪಡಿಯ ಮೇಲೆ ನಿಂತಿತು. ಆಮೇಲೆ ಒಡೆದ ಟೈಲ್ಸ್ ಮೇಲೆ.

“ಇದುನ್ನ ಉಡುಕಕ್ಕೆ ಇಷ್ಟೆಲ್ಲ ಒಡುದ್ಯಾ? ನೆನ್ನೆ ಫೋನಲ್ಲೇ ಕೇಳುದ್ರೆ ಯೋಳ್ತಿದ್ನಲ್ಲಪ್ಪ.”

ರಘು ಬಕೆಟ್ಟಿನೊಳಗೆ ಸೌಟು ಇಳಿಸಿದ. “ಇನ್ನೊಂದ್ ಸೌಟು ಹಾಕ್ಲಾ?”

ಚೌಡಯ್ಯನವರು ಮತ್ತೊಮ್ಮೆ ಚಪ್ಪಡಿಯತ್ತ ನೋಡಿ, ಎಲೆಯನ್ನು ಮುಂದಕ್ಕೆ ಸರಿಸಿದರು.

“ಆಕಪ್ಪ,” ಎಂದರು. “ಇಳಿ ಅಂತ್ಲೂ ಕೇಳ್ನಿಲ್ವಲ್ಲ, ಒಳ್ಳೇದೇ ಆಯ್ತು ಬುಡು.”

ರಘು ಸುರಿದ ಪಾಯಸ ಅರ್ಧ ಎಲೆಗೆ, ಅರ್ಧ ಟೈಲ್ಸಿಗೆ ಬಿತ್ತು.